ಸೊಸೈಟಿ ಪಾರ್ಕಿಂಗ್‌ನಲ್ಲೇ ಸ್ಪಾರ್ಕ್ ಪ್ಲಗ್, ಪ್ಲಗ್ ವೈರ್ ಬದಲಿಸುವ ಕ್ರಮ

ಪುಣೆಯಿಂದ ಬೆಳಗಾವಿ ಕಡೆ ಹೊರಟ ಪೆಟ್ರೋಲ್ ಕಾರು ಊರೊಳಗೆ ಸರಿಯಾಗೇ ಓಡಿ, ಖಂಬಾಟ್ಕಿ ಘಾಟ್ ಏರುವಾಗ ಮಾತ್ರ ಜಗ್ಗಿ ಜಗ್ಗಿ ಎಳೆದರೆ ಮೊದಲ ಅನುಮಾನ ಸ್ಪಾರ್ಕ್ ಪ್ಲಗ್ ಮತ್ತು ಅದರ ವೈರ್ ಮೇಲೆ ಹೋಗಬೇಕು. ಗೋವಾದಿಂದ ಚೋರ್ಲಾ ಅಥವಾ ಅನಮೋಡ್ ಘಾಟ್ ಹತ್ತಿ ಊರಿಗೆ ಹೋಗುವವರಿಗೂ ಇದೇ ಮಾತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ ತುದಿಯ ಸಂದಿಯನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್‌ನಲ್ಲಿ ಆ ಸಂದಿ ಮೊದಲೇ ಅಗಲವಾಗಿರುತ್ತದೆ. ಹಳೆಯ ವೈರ್‌ನ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಆಗ ಕರೆಂಟು ಸಂದಿಯನ್ನು ದಾಟುವ ಬದಲು ಬಿರುಕಿನಿಂದ ಹಾರಿ ಎಂಜಿನ್ನಿನ ಲೋಹ ಸೇರುತ್ತದೆ, ಆ ಸಿಲಿಂಡರ್ ಉರಿಯದೆ ಉಳಿಯುತ್ತದೆ. ಗಾಡಿ ಮಿಸ್ಸಿಂಗ್ ಹೊಡೀತಿದೆ ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ.

ಹೀಗಾದಾಗ, ಮುಂದಿನ ಸರ್ವಿಸ್‌ಗೆ ನೋಡೋಣ ಎಂದು ತಳ್ಳಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದರ ಸಣ್ಣ ಸಣ್ಣ ರಂಧ್ರಗಳ ಜಾಲರಿ ಕರಗಿ ಮುಚ್ಚಿಹೋಗುತ್ತದೆ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಸ್ಥಿರವಾಗಿ ಹೊತ್ತಿದ್ದರೆ ನಿಧಾನಕ್ಕೆ ಮನೆ ಸೇರಬಹುದು. ದೀಪ ಮಿನುಗುತ್ತಿದ್ದರೆ ಕನ್ವರ್ಟರ್ ಆಗಲೇ ಸುಡುತ್ತಿದೆ ಎಂದು ತಿಳಿದು ಗಾಡಿಯನ್ನು ಬದಿಗೆ ಹಾಕಿ.

ಪ್ಲಗ್ ಬದಲಿಸಲು ಗ್ಯಾರೇಜ್ ಬೇಕಿಲ್ಲ. ನಾಲ್ಕು ಸಿಲಿಂಡರ್ ಕಾರಿಗೆ ಮೊದಲ ಸಲ ಒಂದೂವರೆ ಗಂಟೆ ಹಿಡಿದೀತು. ಆದರೆ ಈ ಕೆಲಸದಲ್ಲಿ ಒಂದೇ ಒಂದು ಸೂಕ್ಷ್ಮ ಜಾಗವಿದೆ: ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್‌ನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ಥ್ರೆಡ್. ಪ್ಲಗ್ ಹಾಳಾದರೆ ನೂರಿನ್ನೂರು ರೂಪಾಯಿಗೆ ಮುಗಿಯಿತು. ಥ್ರೆಡ್ ಹಾಳಾದರೆ ಹೆಡ್ ಬಿಚ್ಚಿ ಲೇತ್‌ನವರ ಹತ್ತಿರ ಹೊಸ ಥ್ರೆಡ್ ಹಾಕಿಸುವವರೆಗೂ ಹೋಗಬಹುದು. ಇಲ್ಲಿ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ಥ್ರೆಡ್ ಉಳಿಸಿಕೊಳ್ಳುವುದಕ್ಕೇ.

ಮೊದಲು ಬಾನೆಟ್ ಎತ್ತಿ ನೋಡಿ

ಡೀಸೆಲ್ ಕಾರಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅದರಲ್ಲಿರುವುದು ಗ್ಲೋ ಪ್ಲಗ್, ಆ ಕೆಲಸವೇ ಬೇರೆ. ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಲ್ಲಿ ಮೂರು ಬಗೆ ಕಾಣಸಿಗುತ್ತವೆ.

ಕಾರ್ಬುರೇಟರ್ ಕಾಲದ ಮಾರುತಿ 800, ಓಮ್ನಿ, ಹಳೆಯ ಝೆನ್ ಮತ್ತು ಕುರ್ಲಾದಲ್ಲೇ ತಯಾರಾಗಿ ದಶಕಗಳ ಕಾಲ ಮುಂಬೈಯ ಕಾಳಿ-ಪೀಳಿ ಟ್ಯಾಕ್ಸಿಯಾಗಿ ಓಡಿದ ಪ್ರೀಮಿಯರ್ ಪದ್ಮಿನಿ ಇವುಗಳಲ್ಲಿ ಸಿಲಿಂಡರ್‌ಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಇದೆ. ಅದರ ಕಪ್ಪು ಕ್ಯಾಪ್‌ನ ನಡುವಿಗೆ, ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್‌ನಿಂದ ಒಂದು ದಪ್ಪ ವೈರ್ ಬರುತ್ತದೆ, ಸುತ್ತಲಿಂದ ಸಿಲಿಂಡರಿಗೆ ಒಂದರಂತೆ ವೈರ್ ಹೊರಡುತ್ತದೆ. ಎರಡನೆಯದು ಹ್ಯುಂಡೈ ಸ್ಯಾಂಟ್ರೊ ಝಿಂಗ್‌ನಂಥ ಗಾಡಿಗಳದು. ಡಿಸ್ಟ್ರಿಬ್ಯೂಟರ್ ಇಲ್ಲ, ಒಂದು ಕಾಯಿಲ್ ಪ್ಯಾಕ್‌ನಿಂದ ನಾಲ್ಕು ವೈರ್. ಮೂರನೆಯದರಲ್ಲಿ ವೈರ್ ಕಾಣುವುದೇ ಇಲ್ಲ. ಪ್ರತಿ ಪ್ಲಗ್‌ನ ನೆತ್ತಿಯ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಈಚಿನ ಹೆಚ್ಚಿನ ಪೆಟ್ರೋಲ್ ಕಾರುಗಳು ಹೀಗೇ. ಸಾಮಾನು ತರುವ ಮೊದಲು ಪ್ಲಗ್‌ಗಳನ್ನು ಎಣಿಸಿಕೊಳ್ಳಿ: ಮಾರುತಿ 800ಕ್ಕೆ ಮೂರು ಸಾಕು, ಆದರೆ ಹೋಂಡಾ ಸಿಟಿಯ ಐ-ಡಿಎಸ್‌ಐ ಎಂಜಿನ್‌ಗೆ ಎಂಟು ಬೇಕು, ಏಕೆಂದರೆ ಅದರಲ್ಲಿ ಸಿಲಿಂಡರಿಗೆ ಎರಡೆರಡು.

ಪ್ಲಗ್ ಕೊಳ್ಳುವಾಗ

ಓನರ್ ಮ್ಯಾನ್ಯುಯಲ್‌ನಲ್ಲಿ, ಕೆಲವು ಗಾಡಿಗಳಲ್ಲಿ ಬಾನೆಟ್ ಒಳಗಿನ ಸ್ಟಿಕರ್ ಮೇಲೆ, ಪ್ಲಗ್‌ನ ಪೂರ್ತಿ ನಂಬರ್ ಇರುತ್ತದೆ. ಅಂಗಡಿಯಲ್ಲಿ ಗಾಡಿಯ ಹೆಸರಷ್ಟೇ ಹೇಳಬೇಡಿ, ಆ ನಂಬರ್ ಹೇಳಿ. ಒಂದೇ ಹೆಸರಿನ ಗಾಡಿಗೆ ವರ್ಷ ವರ್ಷಕ್ಕೆ ಬೇರೆ ಎಂಜಿನ್ ಬಂದಿರುತ್ತದೆ.

ನಂಬರ್ ಓದಲು ಕಲಿತರೆ ತಪ್ಪು ಪ್ಲಗ್ ಕೈಗೆ ಬಂದ ಕೂಡಲೇ ಗೊತ್ತಾಗುತ್ತದೆ. ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ತೆಗೆದುಕೊಳ್ಳಿ. ಮೊದಲ ಬಿ ಅಂದರೆ 14 ಮಿ.ಮೀ. ಥ್ರೆಡ್, ಸಾಕೆಟ್ ಹಿಡಿಯುವ ಷಟ್ಕೋನ 20.8 ಮಿ.ಮೀ. ಪಿ ಅಂದರೆ ತುದಿಯ ಪಿಂಗಾಣಿ ಹೊರಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. ಅದಿಲ್ಲದ ಪ್ಲಗ್ ಹಾಕಿದರೆ ರೇಡಿಯೋದಲ್ಲಿ ಗರಗರ ಕೇಳುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಗಾಡಿಯಲ್ಲಿ ಸೆನ್ಸರ್‌ಗಳಿಗೂ ತೊಂದರೆಯಾಗಬಹುದು. 6 ಶಾಖದ ಅಂಕೆ. ಇ ಅಂದರೆ ಥ್ರೆಡ್‌ನ ಉದ್ದ 19 ಮಿ.ಮೀ. ಬಿಕೆಆರ್6ಇ-11 ಎಂದಿದ್ದರೆ ಕೆ ಅಕ್ಷರದಿಂದ ಷಟ್ಕೋನ 16 ಮಿ.ಮೀ. ಆಗುತ್ತದೆ, ಕೊನೆಯ 11 ಅಂದರೆ ಸಂದಿ 1.1 ಮಿ.ಮೀ.

ಶಾಖದ ಅಂಕೆಯಲ್ಲಿ ಬಹಳ ಜನ ಎಡವುತ್ತಾರೆ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕೆ ಏರಿದಷ್ಟೂ ಪ್ಲಗ್ 'ತಣ್ಣಗಿನದು', ಅಂದರೆ ತುದಿಯ ಶಾಖವನ್ನು ಬೇಗ ಹೆಡ್‌ಗೆ ದಾಟಿಸುತ್ತದೆ. ಬಾಷ್‌ನಲ್ಲಿ ಲೆಕ್ಕ ಉಲ್ಟಾ, ಅಂಕೆ ಏರಿದರೆ ಬಿಸಿ ಪ್ಲಗ್. ಎನ್‌ಜಿಕೆಯ 5ಕ್ಕೆ ಡೆನ್ಸೊದ 16 ಸಮ, 6ಕ್ಕೆ 20 ಸಮ. ಅಂಗಡಿಯವರು ಬೇರೆ ಕಂಪನಿಯ ಪ್ಲಗ್ ಮುಂದಿಟ್ಟರೆ ಆ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಗಾಡಿಗೆ ಯಾವುದಿದೆ ಎಂದು ನೋಡಿಯೇ ಒಪ್ಪಿಕೊಳ್ಳಿ. ಹೆಚ್ಚು ಬಿಸಿಯ ಪ್ಲಗ್ ಹಾಕಿದರೆ ತುದಿ ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ತೂತಾಗುವುದು ಹೀಗೆ. ಹೆಚ್ಚು ತಣ್ಣಗಿನದು ಹಾಕಿದರೆ, ಬಾಂದ್ರಾದಿಂದ ಅಂಧೇರಿವರೆಗೆ ಮೊದಲ-ಎರಡನೇ ಗೇರ್‌ನಲ್ಲೇ ತೆವಳುವ ಗಾಡಿಯಲ್ಲಿ ತುದಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಷ್ಟು ಬಿಸಿಯಾಗುವುದಿಲ್ಲ.

ಥ್ರೆಡ್‌ನ ಉದ್ದವೂ ಸರಿಯಿರಲೇಬೇಕು. ಉದ್ದ ಜಾಸ್ತಿಯಾದರೆ ತುದಿ ಪಿಸ್ಟನ್‌ಗೋ ವಾಲ್ವ್‌ಗೋ ಬಡಿಯಬಹುದು. ಕಡಿಮೆಯಾದರೆ ಹೆಡ್‌ನ ಖಾಲಿ ಉಳಿದ ಥ್ರೆಡ್‌ಗಳಲ್ಲಿ ಮಸಿ ಗಟ್ಟಿಯಾಗಿ, ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಅದು ಒಳಗೆ ಹೋಗುವುದಿಲ್ಲ.

ನಿಕಲ್ ಪ್ಲಗ್ ಸಾಮಾನ್ಯವಾಗಿ 30ರಿಂದ 40 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ ಸುಮಾರು 1 ಲಕ್ಷ. ಇರಿಡಿಯಂಗೆ ನಾಲ್ಕೈದು ಪಟ್ಟು ಬೆಲೆ. ಕಂಪನಿಯೇ ಇರಿಡಿಯಂ ಹಾಕಿ ಕೊಟ್ಟಿದ್ದರೆ ಅದನ್ನೇ ಹಾಕಿ. ಹಳೆಯ 800ಕ್ಕೋ ಸ್ಯಾಂಟ್ರೊಗೋ ನಿಕಲ್ ಪ್ಲಗ್ ಸಾಕು; ಉಳಿದ ಹಣದಲ್ಲಿ ಒಳ್ಳೆಯ ವೈರ್ ಸೆಟ್ ಬರುತ್ತದೆ, ಅದರಿಂದ ಗಾಡಿಗೆ ಹೆಚ್ಚು ಪ್ರಯೋಜನ.

ಮುಂಬೈನಲ್ಲಿ ಆಪೆರಾ ಹೌಸ್ ಸುತ್ತಲಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಕುರ್ಲಾದ ಸಿಎಸ್‌ಟಿ ರೋಡ್, ಪುಣೆಯಲ್ಲಿ ನಾನಾ ಪೇಟ್ ಈ ಸಾಮಾನಿಗೆ ಹೆಸರಾದ ಜಾಗಗಳು. ಎಲ್ಲಿ ಕೊಂಡರೂ ಪಾರ್ಟ್ ನಂಬರ್ ಬರೆದ ಬಿಲ್ ಕೇಳಿ, ಏಕೆಂದರೆ ಹೆಸರಾಂತ ಕಂಪನಿಗಳ ನಕಲಿ ಪ್ಲಗ್ ಮಾರುಕಟ್ಟೆಯಲ್ಲಿವೆ. ಥ್ರೆಡ್ ಉಗುರಿಗೆ ತರಿತರಿಯಾಗಿ ಸಿಕ್ಕಿದರೆ, ಪಿಂಗಾಣಿಯ ಮೇಲಿನ ಅಕ್ಷರ ಉಜ್ಜಿದರೆ ಅಳಿಸಿದರೆ, ಪಕ್ಕದ ಎಲೆಕ್ಟ್ರೋಡ್ ನಡುವಿನದಕ್ಕೆ ನೇರವಾಗಿಲ್ಲದಿದ್ದರೆ, ವಾಷರ್ ತಾನಾಗಿ ಕಳಚಿ ಬಿದ್ದರೆ ತೆಗೆದುಕೊಳ್ಳಬೇಡಿ. ಕುರ್ಲಾದಲ್ಲಿ ಹಳೆಯ ಗಾಡಿಗಳಿಂದ ಬಿಚ್ಚಿದ ಕಾಯಿಲ್ ಅಗ್ಗಕ್ಕೆ ಸಿಗುತ್ತದೆ. ಡಿಸ್ಟ್ರಿಬ್ಯೂಟರ್‌ನ ಬ್ರಾಕೆಟ್‌ನಂಥದ್ದು ತರಬಹುದು, ಕಾಯಿಲ್ ಮತ್ತು ವೈರ್ ಮಾತ್ರ ಸೆಕೆಂಡ್‌ಹ್ಯಾಂಡ್ ಬೇಡ. ಅವುಗಳ ಒಳಗಿನ ಸವೆತ ಕಣ್ಣಿಗೆ ಕಾಣುವುದಿಲ್ಲ.

ಸಲಕರಣೆ

ಪ್ಲಗ್ ಸಾಕೆಟ್ ಒಂದು, ನಿಮ್ಮ ಪ್ಲಗ್‌ಗೆ ತಕ್ಕಂತೆ 16 ಅಥವಾ 21 ಮಿ.ಮೀ. ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವುದನ್ನೇ ಕೇಳಿ. ಸಾದಾ ಉದ್ದ ಸಾಕೆಟ್ ಪಿಂಗಾಣಿಗೆ ತಾಗಿ ಸೀಳು ಬಿಡಿಸುತ್ತದೆ. ಇಲ್ಲಿನ ಅಂಗಡಿಗಳಲ್ಲಿ ಗೋಟಿ ಪಾನಾ ಸೆಟ್ ಎಂದರೆ ಸಾಕೆಟ್, ರ‍್ಯಾಚೆಟ್, ಎಕ್ಸ್‌ಟೆನ್ಷನ್ ಎಲ್ಲ ಸೇರಿ ತೋರಿಸುತ್ತಾರೆ. ಕಾಯಿಲ್ ಬೋಲ್ಟ್‌ಗೆ 10 ಮಿ.ಮೀ. ಪಾನಾ, ಸಂದಿ ಅಳೆಯಲು ಫೀಲರ್ ಗೇಜ್, ವೈರ್ ಅಳೆಯಲು ಮಲ್ಟಿಮೀಟರ್, ಒಂದು ಚಿಕ್ಕ ಟ್ಯೂಬ್ ಡೈಎಲೆಕ್ಟ್ರಿಕ್ ಸಿಲಿಕಾನ್ ಗ್ರೀಸ್. ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ದಾರಿಯಿದೆ, ಮುಂದೆ ಹೇಳುತ್ತೇವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಅತ್ಯಂತ ಅಗ್ಗದ್ದು: ಪ್ಲಗ್‌ನ ಪಿಂಗಾಣಿಯ ತಲೆಗೆ ಬಿಗಿಯಾಗಿ ಕೂರುವ, ಒಂದು ಗೇಣು ಉದ್ದದ ರಬ್ಬರ್ ಪೆಟ್ರೋಲ್ ಪೈಪ್ ತುಂಡು.

ಗಾಡಿಯ ಟೈರ್‌ಗೆ ಗಾಳಿ ತುಂಬುವ ಪಂಪ್ ಮತ್ತು ಬಣ್ಣ ಬಳಿಯುವ ಸಣ್ಣ ಬ್ರಷ್ ಕೂಡ ಕೈಗೆಟಕುವಂತೆ ಇಟ್ಟುಕೊಳ್ಳಿ.

ಬಿಚ್ಚುವ ಕೆಲಸ

ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಕೈ ಹಾಕುವುದು ಉತ್ತಮ. ಬಿಸಿ ಇರುವಾಗ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಮೆತುವಾಗಿದ್ದು, ಪ್ಲಗ್ ಹೊರಬರುವಾಗ ಅದನ್ನೂ ಕಿತ್ತುಕೊಂಡು ಬರಬಹುದು. ಕೆಲವು ಸೊಸೈಟಿಗಳಲ್ಲಿ ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡಬಾರದೆಂಬ ನಿಯಮವಿದೆ. ಎಣ್ಣೆ ಚೆಲ್ಲದ, ಸದ್ದಿಲ್ಲದ ಕೆಲಸವಿದು ಎಂದು ಮೊದಲೇ ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿಯ ನೆಗೆಟಿವ್ ಕಳಚಿ. ಬಾನೆಟ್ ಒಳಗಿನ ಫೋಟೊ ಒಂದು ತೆಗೆದಿಟ್ಟುಕೊಳ್ಳಿ. ವೈರ್ ಯಾವ ಕ್ಲಿಪ್‌ನೊಳಗಿಂದ ಹೋಗಿತ್ತು ಎಂಬುದು ಒಂದು ಗಂಟೆಯ ನಂತರ ನೆನಪಿರುವುದಿಲ್ಲ. ಎಂಜಿನ್ ಓಡುತ್ತಿರುವಾಗ ವೈರ್ ಎಳೆದು ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಆ ವೈರ್‌ನಲ್ಲಿ 20 ಸಾವಿರ ವೋಲ್ಟ್‌ಗೂ ಹೆಚ್ಚು ಇರುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಅದು ಜೀವಕ್ಕೇ ಅಪಾಯ, ಜೊತೆಗೆ ದಾರಿ ಸಿಗದ ಆ ಕರೆಂಟು ಕಾಯಿಲ್ಲನ್ನೇ ಸುಡಬಹುದು.

ಒಂದು ಸಲಕ್ಕೆ ಒಂದೇ ವೈರ್, ಒಂದೇ ಪ್ಲಗ್. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ವೈರ್ ಅದಲುಬದಲಾಗುವ ಪ್ರಶ್ನೆಯೇ ಬರುವುದಿಲ್ಲ. ವೈರ್‌ನ ತುದಿಯ ರಬ್ಬರ್ ಬೂಟ್ ಹಿಡಿದು ಅರ್ಧ ಸುತ್ತು ಆಚೆ ಈಚೆ ತಿರುಗಿಸಿ, ಅಂಟು ಬಿಟ್ಟ ಮೇಲೆ ಬೂಟನ್ನೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ವೈರ್ ಹಿಡಿದು ಜಗ್ಗಿದರೆ ಒಳಗಿನ ಕಾರ್ಬನ್ ಎಳೆ ತುಂಡಾಗುತ್ತದೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ.

ಈಗ ಪ್ಲಗ್ ಕುಳಿತ ಗುಂಡಿಗೆ ಟಾರ್ಚ್ ಹಾಕಿ. ಗೋವಾದ ಕೆಂಪು ಮಣ್ಣು, ಮುಂಬೈಯ ಕಟ್ಟಡ ಕೆಲಸದ ಸಿಮೆಂಟ್ ಧೂಳು, ಒಣಗಿದ ಎಲೆ, ಏನಾದರೊಂದು ಅಲ್ಲಿ ಇದ್ದೇ ಇರುತ್ತದೆ. ಪ್ಲಗ್ ತೆಗೆದ ಕ್ಷಣ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಬ್ರಷ್‌ನಿಂದ ಸಡಿಲಿಸಿ, ಪಂಪ್‌ನಿಂದ ಗಾಳಿ ಊದಿ, ಕಣ್ಣಿಗೆ ಕನ್ನಡಕವಿರಲಿ. ಸಾಕೆಟ್ ಕೂರಿಸಿ ಕಾಲು ಸುತ್ತು ಮಾತ್ರ ಸಡಿಲಿಸಿ, ಸಾಕೆಟ್ ತೆಗೆದು ಇನ್ನೊಮ್ಮೆ ಊದಿ, ಆಮೇಲೆ ಪೂರ್ತಿ ಬಿಚ್ಚಿ. ಈ ಎರಡನೇ ಊದುವಿಕೆಯನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ಷಟ್ಕೋನದ ಕೆಳಗೆ ಅಂಟಿದ ಮರಳು ಸಡಿಲವಾಗುವುದೇ ಆಗ.

ಪ್ಲಗ್ ಬಿಗಿದುಕೊಂಡಿದ್ದರೆ ರ‍್ಯಾಚೆಟ್‌ಗೆ ಪೈಪ್ ಸಿಕ್ಕಿಸಿ ಜೋರು ಮಾಡಬೇಡಿ. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ನಾಲ್ಕು ಹನಿ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಕಾಲು ಸುತ್ತು ಬಿಚ್ಚಿ, ಅರೆಗಾಲು ಸುತ್ತು ಮತ್ತೆ ಬಿಗಿದು, ಮತ್ತೆ ಬಿಚ್ಚಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ಹೊರತನ್ನಿ. ಒಂದೇ ಸಮ ಬಿಚ್ಚುತ್ತ ಹೋದರೆ ಥ್ರೆಡ್‌ಗೆ ಅಂಟಿದ ಮಸಿ ಒಟ್ಟಾಗಿ ಅಡ್ಡ ಸಿಗುತ್ತದೆ.

ಬಂದ ಪ್ಲಗ್‌ಗಳನ್ನು ರಟ್ಟಿನ ಮೇಲೆ 1, 2, 3, 4 ಎಂದು ಬರೆದು ಅದೇ ಕ್ರಮದಲ್ಲಿ ಇಡಿ. ಹೆಚ್ಚಿನ ಗಾಡಿಗಳಲ್ಲಿ ಬೆಲ್ಟ್-ಪುಲ್ಲಿ ಇರುವ ತುದಿಯದೇ ಒಂದನೇ ಸಿಲಿಂಡರ್.

ಹಳೆಯ ಪ್ಲಗ್ ಎಸೆಯುವ ಮೊದಲು

ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಬಿಚ್ಚದೆಯೇ ನೋಡಲು ಸಿಗುವ ಅವಕಾಶ ಇದು. ಮೂಗಿನ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಎಲ್ಲ ಸರಿಯಿದೆ. ಒಣ ಕಪ್ಪು ಮಸಿ ಎಲ್ಲ ಪ್ಲಗ್‌ಗಳಲ್ಲೂ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್ ನೋಡಿ, ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಪೂರ್ತಿ ವಾಪಸಾಗುತ್ತಿದೆಯೇ ನೋಡಿ. ದಿನಾ ಎರಡು ಕಿ.ಮೀ. ದೂರದ ಸ್ಟೇಷನ್‌ಗಷ್ಟೇ ಹೋಗಿಬರುವ ಗಾಡಿಯಲ್ಲೂ ಹೀಗಾಗುತ್ತದೆ. ಒದ್ದೆ, ಎಣ್ಣೆಯ ಕಪ್ಪು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ನಿಂದ ಆಯಿಲ್ ಒಳಗಿಳಿಯುತ್ತಿದೆ. ಹೊಸ ಪ್ಲಗ್ ಹಾಕಿದರೂ ಕೆಲವೇ ವಾರಗಳಲ್ಲಿ ಹಾಗೇ ಆಗುತ್ತದೆ. ಆದರೆ ಎಣ್ಣೆ ಪ್ಲಗ್‌ನ ತುದಿಯಲ್ಲಿಲ್ಲದೆ ಮೇಲಿನ ಗುಂಡಿಯಲ್ಲಿ ನಿಂತಿದ್ದರೆ ಹೆದರಬೇಕಿಲ್ಲ. ಅದು ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಸೋರಿಕೆ, ಕಡಿಮೆ ಖರ್ಚಿನ ಕೆಲಸ. ಹೊಸ ವೈರ್ ಹಾಕುವ ಮೊದಲೇ ಅದನ್ನು ಸರಿಪಡಿಸಿ, ಏಕೆಂದರೆ ಎಂಜಿನ್ ಆಯಿಲ್ ಬೂಟ್‌ನ ರಬ್ಬರನ್ನು ಮೆತ್ತಗೆ ಮಾಡಿ ಹಾಳುಗೆಡವುತ್ತದೆ.

ಬಿಳಿಚಿಕೊಂಡು ಬೊಬ್ಬೆಯೆದ್ದ ತುದಿ ಅತಿ ಶಾಖದ ಗುರುತು. ತಪ್ಪು ಪ್ಲಗ್, ಪೆಟ್ರೋಲ್ ಕಡಿಮೆಯಾದ ಮಿಶ್ರಣ, ಮುಂದೆ ಸರಿದ ಟೈಮಿಂಗ್, ಕೂಲಿಂಗ್ ತೊಂದರೆ, ಯಾವುದೂ ಇರಬಹುದು. ಅದನ್ನು ನೋಡಿದ ಮೇಲೆ ಘಾಟ್ ಹತ್ತುವ ಪ್ರಯಾಣ ಮುಂದೂಡಿ, ಮೆಕ್ಯಾನಿಕ್‌ಗೆ ಆ ಪ್ಲಗ್ಗನ್ನೇ ಒಯ್ದು ತೋರಿಸಿ.

ಪಿಂಗಾಣಿಯ ಉದ್ದಕ್ಕೂ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಕರೆಂಟು ಒಳಗೆ ಹೋಗದೆ ಹೊರಗಿನಿಂದಲೇ ಹಾರಿದೆ. ಅದೇ ಜಾಗದಲ್ಲಿ ಬೂಟ್‌ನ ಒಳಗೂ ಗೆರೆ ಬಿದ್ದಿರುತ್ತದೆ. ಪ್ಲಗ್ ಮಾತ್ರ ಬದಲಿಸಿ ಹಳೆಯ ಬೂಟ್ ಉಳಿಸಿದರೆ ಹೊಸ ಪ್ಲಗ್‌ನ ಮೇಲೂ ಗೆರೆ ಮೂಡುತ್ತದೆ. ಪ್ಲಗ್ ಬದಲಿಸಿ ಒಂದು ತಿಂಗಳಿಗೇ ಮತ್ತೆ ಮಿಸ್ಸಿಂಗ್ ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಸಂದಿ

ಹೊಸ ಪ್ಲಗ್ ಡಬ್ಬಿಯಿಂದ ತೆಗೆದೊಡನೆ ಅಳೆಯಿರಿ. ಸಾಗಣೆಯಲ್ಲಿ ಬಿದ್ದು ಪಕ್ಕದ ಎಲೆಕ್ಟ್ರೋಡ್ ಮಣಿದಿರಬಹುದು. ಹಳೆಯ ಪಾಯಿಂಟ್ ಇಗ್ನಿಷನ್ ಗಾಡಿಗಳಿಗೆ 0.7-0.8 ಮಿ.ಮೀ., ಎಲೆಕ್ಟ್ರಾನಿಕ್ ಇಗ್ನಿಷನ್‌ನ ಗಾಡಿಗಳಿಗೆ ಸಾಮಾನ್ಯವಾಗಿ 1.0-1.1. ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಫೀಲರ್ ಗೇಜ್‌ನ ಎಲೆ ಸ್ವಲ್ಪ ಹಿಡಿದು ಜಾರಬೇಕು. ಹೆಚ್ಚಿದ್ದರೆ ಪಕ್ಕದ ಎಲೆಕ್ಟ್ರೋಡನ್ನು ಮರದ ಹಲಗೆಯ ಮೇಲೆ ಮೆಲ್ಲಗೆ ತಟ್ಟಿ, ಕಡಿಮೆಯಿದ್ದರೆ ಅದನ್ನಷ್ಟೇ ಹಿಡಿದು ಎತ್ತಿ. ನಡುವಿನ ಎಲೆಕ್ಟ್ರೋಡ್‌ಗೆ ಒರಗಿಸಿ ಮೀಟಬಾರದು. ಇರಿಡಿಯಂ ಪ್ಲಗ್‌ನ ನಡುವಿನ ಮೊನೆ 0.4ರಿಂದ 0.6 ಮಿ.ಮೀ. ದಪ್ಪದ್ದು, ತಾಗಿದರೆ ಮುರಿಯುತ್ತದೆ. ಅದು ಅಳತೆಗೆ ಸರಿಯಿಲ್ಲದಿದ್ದರೆ ಅಂಗಡಿಯಲ್ಲೇ ಬದಲಿಸಿಕೊಳ್ಳಿ. ನೆಲಕ್ಕೆ ಬಿದ್ದ ಪ್ಲಗ್ ಯಾವುದೇ ಇರಲಿ, ಹಾಕಬೇಡಿ. ಪಿಂಗಾಣಿಯ ಕೂದಲೆಳೆ ಸೀಳು ಬರಿಗಣ್ಣಿಗೆ ಕಾಣದು.

ಸಿಎನ್‌ಜಿಯಲ್ಲಿ ಓಡುವ ಗಾಡಿಯವರು ಇಲ್ಲಿ ಇನ್ನಷ್ಟು ಗಮನ ಕೊಡಬೇಕು. ಸಿಎನ್‌ಜಿ ಹೊತ್ತಿಸಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಅದಕ್ಕೇ ಪೆಟ್ರೋಲ್‌ನಲ್ಲಿ ಚೆನ್ನಾಗಿ ಓಡಿ ಗ್ಯಾಸ್‌ಗೆ ಹಾಕಿದೊಡನೆ ಜಗ್ಗುವುದು. ಗ್ಯಾಸ್ ಕಿಟ್ ಮೇಲೆ ದೂರು ಹೊರಿಸುವ ಮುಂಚೆ ಪ್ಲಗ್ ನೋಡಿ. ಕಂಪನಿಯ ಸಿಎನ್‌ಜಿ ಗಾಡಿಗೆ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಪ್ಲಗ್ ಮತ್ತು ಕಿ.ಮೀ. ಅವಧಿಯನ್ನೇ ಪಾಲಿಸಿ. ಹೊರಗಿನ ಕಿಟ್ ಹಾಕಿಸಿದ್ದರೆ ಸಂದಿಯನ್ನು ಎಷ್ಟು ಕಡಿಮೆ ಮಾಡಬೇಕೆಂದು ಕಿಟ್ ಕೂರಿಸಿದವರಿಂದ ಬರೆಸಿಕೊಳ್ಳಿ, ಪೆಟ್ರೋಲ್ ಗಾಡಿಯ ಅವಧಿ ಮುಗಿಯುವ ಮೊದಲೇ ಪ್ಲಗ್ ಬದಲಿಸಿ.

ಕೂರಿಸುವುದು

ರಬ್ಬರ್ ಪೈಪ್ ತುಂಡನ್ನು ಹೊಸ ಪ್ಲಗ್‌ನ ತಲೆಗೆ ಸಿಕ್ಕಿಸಿ ಗುಂಡಿಯೊಳಗೆ ಇಳಿಸಿ. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಥ್ರೆಡ್‌ನ ಬಾಯಿಗೆ ಬಂದಾಗ ಪ್ಲಗ್ ಸಣ್ಣಗೆ ಟಿಕ್ ಎಂದು ಕೆಳಗಿಳಿಯುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿ. ಪ್ಲಗ್ ಓರೆಯಾಗಿ ಕಚ್ಚಿಕೊಂಡರೆ ರಬ್ಬರ್ ಜಾರಿ ಖಾಲಿ ತಿರುಗುತ್ತದೆ, ಥ್ರೆಡ್ ಕೆಡಿಸುವಷ್ಟು ಶಕ್ತಿ ರಬ್ಬರ್‌ಗಿಲ್ಲ. ರ‍್ಯಾಚೆಟ್‌ನಿಂದ ಶುರು ಮಾಡಿದರೆ ಮಾತ್ರ ಅಲ್ಯೂಮಿನಿಯಂ ಕೊಯ್ದುಕೊಂಡು ಹೋಗುವವರೆಗೂ ಕೈಗೆ ಗೊತ್ತಾಗುವುದಿಲ್ಲ.

ಸುತ್ತು ಎಣಿಸಿ. 14 ಮಿ.ಮೀ. ಪ್ಲಗ್‌ನ ಥ್ರೆಡ್‌ಗಳ ನಡುವಿನ ಅಂತರ 1.25 ಮಿ.ಮೀ.; 19 ಮಿ.ಮೀ. ಉದ್ದದ ಪ್ಲಗ್ ಹೆಚ್ಚುಕಡಿಮೆ ಹದಿನೈದು ಸುತ್ತು ಬೆರಳಿನಿಂದಲೇ ಹೋಗಬೇಕು. ಎರಡು ಮೂರು ಸುತ್ತಿಗೇ ನಿಂತರೆ ಓರೆಯಾಗಿದೆ. ಹೊರತೆಗೆಯಿರಿ, ಥ್ರೆಡ್ ಒರೆಸಿ, ಮತ್ತೆ ಮೊದಲಿನಿಂದ. ಎಷ್ಟು ಸಲವಾದರೂ ಸರಿ.

ವಾಷರ್ ಹೆಡ್‌ಗೆ ತಾಗಿ ಬೆರಳಿಗೆ ಗಟ್ಟಿಯಾದ ಮೇಲೆ ಸಾಕೆಟ್ ತೆಗೆದುಕೊಳ್ಳಿ. ಟಾರ್ಕ್ ರೆಂಚ್ ಇದ್ದರೆ ಅಲ್ಯೂಮಿನಿಯಂ ಹೆಡ್‌ನ 14 ಮಿ.ಮೀ. ಪ್ಲಗ್‌ಗೆ 25-30 ನ್ಯೂಟನ್ ಮೀಟರ್, ಕೆಲವು ಹೊಸ ಗಾಡಿಗಳ 12 ಮಿ.ಮೀ. ಪ್ಲಗ್‌ಗೆ 15-20, ಮ್ಯಾನ್ಯುಯಲ್‌ನಲ್ಲಿ ಬೇರೆ ಸಂಖ್ಯೆಯಿದ್ದರೆ ಅದೇ. ರೆಂಚ್ ಇಲ್ಲದಿದ್ದರೆ ಹೊಸ ವಾಷರ್ ಇರುವ ಪ್ಲಗ್‌ಗೆ ಅರ್ಧದಿಂದ ಮೂರನೇ ಎರಡು ಸುತ್ತು. ವಾಷರ್ ಒತ್ತಿಕೊಳ್ಳುವುದು ಕೈಗೆ ತಿಳಿಯುತ್ತದೆ. ಒಮ್ಮೆ ಬಿಗಿದು ಬಿಚ್ಚಿದ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ಹನ್ನೆರಡನೇ ಒಂದು ಸುತ್ತು ಸಾಕು, ವಾಷರ್ ಮೊದಲೇ ಚಪ್ಪಟೆಯಾಗಿದೆ. ವಾಷರ್ ಇಲ್ಲದೆ ಇಳಿಜಾರು ಅಂಚಿನ ಮೇಲೆ ಕೂರುವ ಪ್ಲಗ್‌ಗೆ ಹದಿನಾರನೇ ಒಂದು.

ಸಡಿಲ ಬಿಡುವುದೂ ತಪ್ಪೇ. ಪ್ಲಗ್‌ನ ಶಾಖ ಹೆಡ್‌ಗೆ ದಾಟುವುದು ಆ ವಾಷರ್ ಮತ್ತು ಥ್ರೆಡ್ ಮೂಲಕ. ಸಡಿಲವಾದರೆ ತುದಿ ವಿಪರೀತ ಕಾಯುತ್ತದೆ, ಬುಡದಿಂದ ಚಫ್ ಚಫ್ ಎಂದು ಗಾಳಿ ಹೊರಬರುತ್ತದೆ. ಥ್ರೆಡ್‌ಗೆ ಗ್ರೀಸ್ ಅಥವಾ ಎಣ್ಣೆ ಹಚ್ಚಬೇಡಿ. ಈಗಿನ ಪ್ಲಗ್‌ಗಳಿಗೆ ಲೋಹದ ಲೇಪನ ಇದ್ದೇ ಇರುತ್ತದೆ. ಜಾರುವ ಥ್ರೆಡ್‌ನಲ್ಲಿ ಅದೇ ಟಾರ್ಕ್‌ಗೆ ಪ್ಲಗ್ ಹೆಚ್ಚು ಬಿಗಿದು ಹೆಡ್‌ನ ಥ್ರೆಡ್ ಹಿಗ್ಗುತ್ತದೆ.

ಪ್ಲಗ್‌ನ ನೆತ್ತಿಯ ಸಣ್ಣ ನಟ್ ಬಗ್ಗೆ ಒಂದು ಮಾತು. ಕೆಲವು ಪ್ಲಗ್‌ಗಳಲ್ಲಿ ಅದು ಬಿಚ್ಚಲು ಬರುತ್ತದೆ. ನಿಮ್ಮ ವೈರ್‌ಗೆ ನಟ್ ಬೇಕೋ ಬೇಡವೋ ಎಂದು ಹಳೆಯ ಪ್ಲಗ್ ನೋಡಿ ತಿಳಿದುಕೊಳ್ಳಿ. ಬೇಕಿದ್ದರೆ ಇಕ್ಕಳದಿಂದ ಬಿಗಿ ಮಾಡಿ, ಇಲ್ಲದಿದ್ದರೆ ಅದು ಅಲುಗಾಡಿ ಒಮ್ಮೊಮ್ಮೆ ಮಾತ್ರ ಬರುವ, ಹಿಡಿಯಲು ಸಿಗದ ಮಿಸ್ಸಿಂಗ್ ಆಗುತ್ತದೆ.

ವೈರ್‌ಗಳು

ಹಳೆಯ ವೈರ್ ಇನ್ನೂ ನಡೆದೀತೇ ಎಂದು ನೋಡಲು ಮಲ್ಟಿಮೀಟರ್ ಅನ್ನು ಕಿಲೋ ಓಮ್‌ಗೆ ತಿರುಗಿಸಿ ಎರಡೂ ತುದಿ ಹಿಡಿಯಿರಿ. ಉದ್ದದ ವೈರ್‌ಗೆ ಹೆಚ್ಚು, ಗಿಡ್ಡದಕ್ಕೆ ಕಡಿಮೆ ಬರಬೇಕು. ಉದ್ದಕ್ಕೆ ಹೊಂದದೆ ಒಂದು ಮಾತ್ರ ಬಹಳ ಹೆಚ್ಚಿದ್ದರೆ ಅಥವಾ ಮೀಟರ್ ಏನೂ ತೋರಿಸದಿದ್ದರೆ ಒಳಗಿನ ಎಳೆ ಹೋಗಿದೆ. ಟೊಯೋಟಾದಂಥ ಕಂಪನಿಗಳು ಹಾಕಿದ ಮಿತಿ ಒಂದು ವೈರ್‌ಗೆ 25 ಕಿಲೋ ಓಮ್. ಅಳೆಯುವಾಗ ವೈರ್ ಬಾಗಿಸಿ ನೋಡಿ, ಅಂಕಿ ಕುಣಿದರೆ ಅದೂ ಹಾಳೇ. ಒಂದು ಕೆಟ್ಟರೆ ಸೆಟ್ ಬದಲಿಸಿ. ಎಲ್ಲದರ ವಯಸ್ಸೂ ಒಂದೇ.

ಹೊಸ ಸೆಟ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ ಹೊಂದಿಸಿ, ಅತಿ ಉದ್ದದ್ದರಿಂದ ಶುರುಮಾಡಿ. ಬೂಟ್‌ನ ಬಾಯೊಳಗೆ ಸುತ್ತ ಅಕ್ಕಿಕಾಳಿನಷ್ಟು ಸಿಲಿಕಾನ್ ಗ್ರೀಸ್ ಸವರಿ. ಅದು ನೀರನ್ನು ಹೊರಗಿಡುತ್ತದೆ, ಮುಂದಿನ ಸಲ ಬೂಟ್ ಸುಲಭವಾಗಿ ಬರುತ್ತದೆ. ಎರಡೂ ತುದಿ ಒತ್ತಿದಾಗ ಟಕ್ ಎಂದು ಕೂರುವುದು ಕೈಗೆ ತಿಳಿಯಬೇಕು. ಹಳೆಯ ಕ್ಲಿಪ್‌ಗಳನ್ನೆಲ್ಲ ಬಳಸಿ. ವೈರ್‌ಗಳು ಒಂದಕ್ಕೊಂದು ಅಂಟಿ ಉದ್ದಕ್ಕೂ ಜೊತೆಯಾಗಿ ಸಾಗಬಾರದು. ಒಂದರ ಕರೆಂಟು ಪಕ್ಕದ್ದರಲ್ಲಿ ಕಿಡಿ ಎಬ್ಬಿಸಬಲ್ಲದು. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತಾಗಬಾರದು.

ವೈರ್ ಅದಲುಬದಲಾಗಿದ್ದರೆ ಗಾಡಿ ಸ್ಟಾರ್ಟ್ ಆಗದೆ ಕಾರ್ಬುರೇಟರ್‌ನಿಂದ ಪಟ್ ಎಂದು ಸಿಡಿಯುತ್ತದೆ. ಮಾರುತಿ 800ರ ಮೂರು ಸಿಲಿಂಡರ್‌ಗಳು ಉರಿಯುವ ಕ್ರಮ 1-3-2, ಹೆಚ್ಚಿನ ನಾಲ್ಕು ಸಿಲಿಂಡರ್ ಗಾಡಿಗಳದು 1-3-4-2. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ತಿರುಗುವ ದಿಕ್ಕಿನಲ್ಲಿ ಕ್ಯಾಪ್‌ನ ಸುತ್ತ ವೈರ್‌ಗಳು ಈ ಕ್ರಮದಲ್ಲೇ ಇರಬೇಕು. ಡಿಸ್ಟ್ರಿಬ್ಯೂಟರ್ ಇರುವವರು ಕ್ಯಾಪ್ ಬಿಚ್ಚಿ ಒಳಗೆ ಕಪ್ಪು ಗೆರೆ, ಸೀಳು, ನಡುವಿನ ಕಾರ್ಬನ್ ತುಂಡು ಸವೆದಿದೆಯೇ ಎಂದೂ ನೋಡಿ. ಅನುಮಾನವಿದ್ದರೆ ಕ್ಯಾಪ್ ಮತ್ತು ರೋಟರ್ ಎರಡನ್ನೂ ಒಟ್ಟಿಗೆ ಬದಲಿಸಿ.

ಪ್ಲಗ್‌ನ ಮೇಲೇ ಕಾಯಿಲ್ ಇರುವ ಗಾಡಿಯಲ್ಲಿ ಮೊದಲು ಕನೆಕ್ಟರ್‌ನ ಲಾಕ್ ಒತ್ತಿ ಬಿಡಿಸಿ. ಹತ್ತು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ, ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಬೋಲ್ಟ್ ತೆಗೆದು ಕಾಯಿಲ್ ಸ್ವಲ್ಪ ತಿರುಗಿಸಿ ಮೇಲೆತ್ತಿ. ಕೆಳಗಿನ ರಬ್ಬರ್‌ನಲ್ಲಿ ಸೀಳು, ಒಳಗಿನ ಸ್ಪ್ರಿಂಗ್‌ನಲ್ಲಿ ತುಕ್ಕು ಇದೆಯೇ ನೋಡಿ. ವಾಪಸ್ ಹಾಕುವಾಗ ಬೋಲ್ಟ್ ಹಿಡಿತಕ್ಕೆ ಬಂದರೆ ಸಾಕು.

ಸ್ಟಾರ್ಟ್ ಮಾಡಿ ನೋಡುವುದು

ಬ್ಯಾಟರಿ ಕಳಚಿದ್ದ ಗಾಡಿಯ ಐಡ್ಲಿಂಗ್ ಮೊದಲ ಕೆಲವು ನಿಮಿಷ ಏರಿಳಿಯಬಹುದು, ಆಮೇಲೆ ಕೂರುತ್ತದೆ. ಸಂಜೆ ಕತ್ತಲಾದ ಮೇಲೆ ಬಾನೆಟ್ ಎತ್ತಿ, ಕೈ ದೂರವಿಟ್ಟು, ವೈರ್‌ಗಳ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿ. ನೀಲಿ ಕಿಡಿ ಕಂಡಲ್ಲಿ, ಟಿಕ್ ಟಿಕ್ ಕೇಳಿದಲ್ಲಿ ಕರೆಂಟು ಸೋರುತ್ತಿದೆ.

ಇನ್ನೂ ಮಿಸ್ಸಿಂಗ್ ಇದ್ದರೆ ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ. ಪಿ0301 ಎಂದರೆ ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಹೀಗೆ. ಪಿ0300 ಎಂದರೆ ನಿರ್ದಿಷ್ಟವಾಗಿ ಒಂದಲ್ಲ. ಎರಡನೇ ಸಿಲಿಂಡರ್ ಎಂದು ತೋರಿಸಿದರೆ ಅದರ ಕಾಯಿಲ್ ಮೂರಕ್ಕೆ, ಮೂರರದು ಎರಡಕ್ಕೆ ಹಾಕಿ. ಕೋಡ್ ಪಿ0303ಕ್ಕೆ ಬದಲಾದರೆ ತಪ್ಪು ಕಾಯಿಲ್‌ನದು. ಬದಲಾಗದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಕಡೆ ನೋಡಬೇಕು. ಕಾಯಿಲ್ ಪ್ಯಾಕ್ ಮತ್ತು ವೈರ್ ಇರುವ ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದು ಕಾಯಿಲ್ 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. ಜೋಡಿಯ ಎರಡೂ ಸತ್ತಿದ್ದರೆ ಕಾಯಿಲ್, ಒಂದೇ ಸತ್ತಿದ್ದರೆ ಅದರ ಪ್ಲಗ್ ಅಥವಾ ವೈರ್.

ಮಳೆಗಾಲ

ಕೊಂಕಣದ ಮಳೆ ಶುರುವಾಗುವ ಮೊದಲು, ಮೇ ಕೊನೆಯೊಳಗೆ ಈ ಕೆಲಸ ಮುಗಿಸಿದರೆ ಒಳ್ಳೆಯದು. ಬೇಸಿಗೆಯಲ್ಲಿ ಸುಮ್ಮನಿದ್ದ ಬಿರುಕು ತೇವಾಂಶ ಹಿಡಿದ ದಿನವೇ ಮಿಸ್ಸಿಂಗ್ ಆಗಿ ಎದ್ದು ಕಾಣುತ್ತದೆ. ವರ್ಲಿ, ದೋನಾ ಪೌಲಾದಂಥ ಕಡಲಂಚಿನಲ್ಲಿ ನಿಲ್ಲಿಸುವ ಗಾಡಿಗಳಲ್ಲಿ ಉಪ್ಪುಗಾಳಿಯಿಂದ ವೈರ್‌ನ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬೂಟ್ ಎತ್ತಿ ಒರೆಸಿ ಗ್ರೀಸ್ ಸವರಿ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಎಂಜಿನ್ ಹುಡುಕಿ ಬರುತ್ತವೆ, ವೈರ್ ಮೇಲೆ ಹಲ್ಲಿನ ಗುರುತಿದೆಯೇ ನೋಡುತ್ತಿರಿ. ಸರ್ವಿಸ್‌ನಲ್ಲಿ ಎಂಜಿನ್ ಮೇಲೆ ಪ್ರೆಷರ್ ನೀರು ಹೊಡೆಯಲು ಬಿಡಬೇಡಿ, ಪ್ಲಗ್ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ.

ಮಳೆನೀರು ನಿಲ್ಲುವ ಮುಂಬೈಯ ಹಿಂದ್‌ಮಾತಾದಲ್ಲೋ ಮಿಲನ್ ಸಬ್‌ವೇಯಲ್ಲೋ ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಸಿಲಿಂಡರ್ ಒಳಗೆ ನೀರಿರಬಹುದು. ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ತಳ್ಳಿ ಅಥವಾ ಟೋ ಮಾಡಿಸಿ, ಎಲ್ಲ ಪ್ಲಗ್ ಬಿಚ್ಚಿ ನೀರು ಹೊರಹಾಕಿದ ನಂತರವೇ ಸ್ಟಾರ್ಟ್ ಮಾಡುವ ಮಾತು.

ಬದಲಿಸಿದ ದಿನದ ಕಿ.ಮೀ. ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಊರಿಗೆ ಹೋಗುವಾಗ ಡಿಕ್ಕಿಯಲ್ಲಿ ಪ್ಲಗ್ ಸಾಕೆಟ್, ಒಂದು ಹೊಸ ಪ್ಲಗ್ ಮತ್ತು ಹಳೆಯ ಸೆಟ್‌ನಲ್ಲಿ ಮೀಟರ್‌ಗೆ ಸರಿಯಿದ್ದ ಅತಿ ಉದ್ದದ ವೈರ್ ಇರಲಿ. ಉದ್ದದ್ದಾದರೆ ದಾರಿಯಲ್ಲಿ ಯಾವ ಸಿಲಿಂಡರಿನ ವೈರ್ ಕೈಕೊಟ್ಟರೂ ಅಲ್ಲಿಗೆ ಮುಟ್ಟುತ್ತದೆ.